ಅಟ್ಟದಿಂದ ಇಳಿದ ಸ್ಟೀಲ್ ಡಬ್ಬಿಗಳು

ಸ್ನೇಹಿತರೇ, ಮನೆಯ ಸಾಮಾನು ಕಡಿಮೆ ಮಾಡಬೇಕೆನ್ನುವವರು ಅಫಜಲಪುರದ ನಮ್ಮ ಓಣಿಗೆ ಮಾತ್ರ ಬರಬೇಡಿ. ಇವತ್ತು ಬೆಳಿಗ್ಗೆ ಅಟ್ಟದ ಮೇಲೆ ಸುಮ್ಮನೆ ಕೂತಿದ್ದ ಸ್ಟೀಲ್ ಡಬ್ಬಿಗಳನ್ನು ಇಳಿಸಿ, ತೊಳೆದು, 'ಇಟ್ಕೋರಿ' ಎಂದು ಅಕ್ಕಪಕ್ಕದ ಮನೆಗಳಿಗೆ ಕೊಟ್ಟು ಬಂದೆ. ಯಾಕೆಂದು ಯಾರೂ ಕೇಳಲಿಲ್ಲ.

ಸಂಜೆ ಎಲ್ಲ ಡಬ್ಬಿಗಳೂ ತಿರುಗಿ ಬಂದವು, ತುಂಬಿಕೊಂಡು! ಒಂದರಲ್ಲಿ ತೊಗರಿಬೇಳೆ, ಒಂದರಲ್ಲಿ ಊಟಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇನ್ನೊಂದರಲ್ಲಿ ಜೋಳದ ಹಿಟ್ಟು. ಕೊನೆಗೆ ಬಂದ ಪಕ್ಕದ ಮನೆಯ ಖೈರುನ್ ಚಾಚಿ, ಸೆರಗಿನ ಮರೆಯಿಂದ ಅಕ್ಕಿ ಡಬ್ಬಿ ತೆಗೆದು ಮೆಲ್ಲಗೆ ಅಂದರು: "ಮನ್ಯಾಗ ಏನರ ಕಮ್ಮಿ ಬಿದ್ರ ಬಾಯಿಬಿಟ್ಟು ಹೇಳವ್ವಾ. ನಮ್ಮ ಮುಂದ ನಾಚ್ಕಿ ಯಾಕ?"

ಆಗ ಹೊಳೆಯಿತು. ನಮ್ಮಲ್ಲಿ ಖಾಲಿ ಡಬ್ಬಿ ಹಿಡಿದು ನೆರೆಮನೆಗೆ ಹೋದರೆ ಅರ್ಥ ಒಂದೇ: ಅಡುಗೆಮನೆಯಲ್ಲಿ ಏನೋ ತೀರಿದೆ. ಕೇಳಲು ಸಂಕೋಚಪಟ್ಟು 'ಇಟ್ಕೋರಿ' ಅಂದೆ ಎಂದುಕೊಂಡಿದ್ದಾರೆ.

"ಚಾಚಿ, ಡಬ್ಬಿ ಭಾಳ ಆಗ್ಯಾವಂತ ಕೊಟ್ಟೇನ್ರಿ!" ಅಂದೆ.

"ಹೌದು ಹೌದು, ಹಂಗೇ ಅನ್ನವ್ವಾ" ಎಂದು ಕೈ ಅದುಮಿ ಹೋದರು.

ಇಂಥ ನೆರೆ ಸಿಕ್ಕಿದ್ದು ನಮ್ಮ ಪುಣ್ಯ. ಆದರೆ ಡಬ್ಬಿಗಳ ಗತಿ? ಮುಂದಿನ ಸಲ ಏನಾದರೂ ತುಂಬಿಸಿಯೇ ಕೊಡೋಣವೆಂದರೆ, ತುಂಬಿ ಹೋದ ಡಬ್ಬಿಯನ್ನೂ ಈ ಓಣಿಯಲ್ಲಿ ಯಾರೂ ಖಾಲಿ ತಿರುಗಿಸುವುದಿಲ್ಲ.