ಕಾಫಿ ಕೊಡದ ಮನೆಗಳ ರತ್ನಮ್ಮನವರು

ರತ್ನಮ್ಮನವರು ವೋಟು ಕೇಳಲು ಹೊರಟರೆ ಕಾಫಿ ಕೊಡುವ ಮನೆಗಳನ್ನು ದಾಟಿ ಮುಂದೆ ಹೋಗಿಬಿಡುತ್ತಿದ್ದರು. ಯಾರಾದರೂ ಬಾಗಿಲಲ್ಲಿ ನಿಂತು "ಬನ್ನಿ ಅಮ್ಮ, ಒಂದ್ ಲೋಟ ಕಾಫಿ ಕುಡ್ಕೊಂಡು ಹೋಗಿ" ಎಂದು ಕರೆದರೆ ನಕ್ಕು, ಕೈ ಮುಗಿದು, ಪಕ್ಕದ ಮನೆಯ ಮುಚ್ಚಿದ ಬಾಗಿಲು ತಟ್ಟುತ್ತಿದ್ದರು. ಬಿಸಿಲಿಗೆ ನಾಲಿಗೆ ಒಣಗಿ ಹಿಂದೆ ನಿಂತಿರುತ್ತಿದ್ದ ನಮಗೆಲ್ಲ ಹೊಟ್ಟೆ ಉರಿಯುತ್ತಿತ್ತು. ನಾನಂತೂ ಕೇಳಿಸುವ ಹಾಗೆಯೇ ಗೊಣಗುತ್ತಿದ್ದೆ. ಅವರು ಸೆರಗಿನಿಂದ ಕತ್ತು ಒರೆಸಿಕೊಂಡು ಹೇಳುತ್ತಿದ್ದುದು ಒಂದೇ ಮಾತು: "ಕಾಫಿ ಕೊಡೋರು ನಮ್ಮೋರೇ ಕಣಪ್ಪ. ನಮ್ಮೋರ ಹತ್ರಾನೇ ಹೋಗಿ ವೋಟ್ ಕೇಳಿದ್ರೆ ಅದನ್ನ ಪ್ರಚಾರ ಅಂತಾರಾ? ನೆಂಟಸ್ತಿಕೆ ಅಂತಾರೆ."

ಶಿಡ್ಲಘಟ್ಟದಲ್ಲಿ ನಮ್ಮದೊಂದು ಸಣ್ಣ ಪಕ್ಷವಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅರ್ಧ ಜನ ಇಲ್ಲಿಗೇ ಓದುವುದನ್ನು ನಿಲ್ಲಿಸುತ್ತೀರಿ. ಆಗ ಅದರ ಊರ ಘಟಕಕ್ಕೆ ರತ್ನಮ್ಮನವರು ಅಧ್ಯಕ್ಷೆ, ನಾನು ಕಾರ್ಯದರ್ಶಿ. ನನ್ನ ಹೆಸರು ವೆಂಕಟೇಶ, ಡ್ರಿಪ್ ಪೈಪು, ಮೋಟಾರು ಸಾಮಾನು ಮಾರುವ ಅಂಗಡಿ ನನ್ನದು. ಸಭೆಗೆ ಕುರ್ಚಿ ಹಾಕುವುದರಿಂದ ಹಿಡಿದು ಗೋಡೆಗೆ ಪೋಸ್ಟರ್ ಅಂಟಿಸುವವರೆಗೆ ಗಾಣದೆತ್ತಿನ ಹಾಗೆ ದುಡಿದವನು ನಾನು. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ.

ರತ್ನಮ್ಮನವರು ಮೇಲೂರಿನವರು, ಬೌದ್ಧ ಕುಟುಂಬದವರು. ಸರ್ಕಾರಿ ನರ್ಸ್ ಆಗಿ ಹಳ್ಳಿ ಹಳ್ಳಿ ತಿರುಗಿ, ಮಕ್ಕಳಿಗೆಲ್ಲ ಸೂಜಿ ಹಾಕಿ, ನಿವೃತ್ತಿಯಾದ ಮೇಲೆ ನಮ್ಮ ಪಕ್ಷಕ್ಕೆ ಬಂದಿದ್ದರು. ದಪ್ಪ ಕನ್ನಡಕ, ಗಂಜಿ ಹಾಕಿದ ಕಾಟನ್ ಸೀರೆ, ಗಂಡಸರು ಹಾಕುವಂಥ ಚಪ್ಪಲಿ. ನಮ್ಮ ಕಡೆಯ ಜಮೀನ್ದಾರರ ಮನೆಗಳಲ್ಲಿ ಕೆಲವರು ಆಗೆಲ್ಲ ಮಗುವನ್ನು ಅವರ ಕೈಗೆ ಕೊಡುತ್ತಿದ್ದರು, ಲೋಟವನ್ನು ಕೊಡುತ್ತಿರಲಿಲ್ಲ. ಅದನ್ನು ಅವರು ಎತ್ತಿ ಆಡುತ್ತಿರಲಿಲ್ಲ, ಮರೆತೂ ಇರಲಿಲ್ಲ. ಮಗು ಕೊಟ್ಟವರು ಒಂದು ದಿನ ಮಾತೂ ಕೊಡುತ್ತಾರೆ, ಅಲ್ಲಿಯವರೆಗೆ ಬಾಗಿಲಲ್ಲಿ ನಿಂತುಕೊಳ್ಳುವ ತಾಳ್ಮೆ ಇರಬೇಕು ಅಷ್ಟೆ ಎನ್ನುತ್ತಿದ್ದರು. ನನಗೆ ಆ ತಾಳ್ಮೆ ಹುಟ್ಟಿನಿಂದಲೇ ಇಲ್ಲ.

ಮುಚ್ಚಿದ ಬಾಗಿಲು ತೆರೆದವರನ್ನು ಅವರು ವೋಟು ಕೊಡಿ ಎಂದು ಕೇಳುತ್ತಲೇ ಇರಲಿಲ್ಲ. "ಹೋದ್ ಸಲ ನಮಗೆ ಯಾಕಮ್ಮ ಹಾಕ್ಲಿಲ್ಲ?" ಎಂದು ಕೇಳುತ್ತಿದ್ದರು. ಜನಕ್ಕೇನು, ಬೈಯಲು ಕರೆದು ಕೂರಿಸಿದ ಹಾಗಾಗುತ್ತಿತ್ತು. ಚರಂಡಿ, ದೀಪ, ನಮ್ಮ ಭಾಷಣದ ಮೈಕು, ನನ್ನ ಮೂಗಿನ ತುದಿಯ ಸಿಟ್ಟು, ಎಲ್ಲವೂ ಹೊರಗೆ ಬರುತ್ತಿದ್ದವು. ನೋವೆಲ್ಲಿ ಎಂದು ರೋಗಿಯ ಹೊಟ್ಟೆ ಒತ್ತಿ ನೋಡುವಾಗಿನ ಮುಖ ಮಾಡಿಕೊಂಡು ಅವರು ಕೇಳಿಸಿಕೊಳ್ಳುವರು. ನಾನು ನಡುವೆ ಬಾಯಿ ಹಾಕಿದರೆ "ಪೋನೀ ಬಿಡಪ್ಪ" ಎಂದು ಅರ್ಧ ತೆಲುಗಿನಲ್ಲಿ ಗದರಿ ಸುಮ್ಮನಾಗಿಸುವರು. ವಾರದ ಸಭೆಯಲ್ಲಿ ಮೊದಲ ವಿಷಯವೇ ಆ ಬೈಗುಳ. ನಮ್ಮ ಸದಸ್ಯರಿಗೆ ಅದು ಹಾಗಲಕಾಯಿ. ನಾವು ಪಕ್ಷ ಕಟ್ಟಿದವರು, ನಮ್ಮ ಮಾತು ಕೇಳುವುದು ಬಿಟ್ಟು ನಮಗೆ ವೋಟೇ ಹಾಕದವರ ಮಾತನ್ನು ತಂದು ಮೇಜಿನ ಮೇಲೆ ಇಡುತ್ತೀರಲ್ಲ ಎಂದು ಎಲ್ಲರೂ ರೇಗುತ್ತಿದ್ದರು.

ಹಾಗಂತ ಜನ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಹೆಂಗಸು ಎಂದುಕೊಂಡರೆ ತಪ್ಪಾಯಿತು. ಒಮ್ಮೆ ನಮ್ಮ ವಾರ್ಡಿನ ಹೊಸ ಬಡಾವಣೆಯ ಪಕ್ಕದಲ್ಲಿ ಪೌರಕಾರ್ಮಿಕರಿಗೆ ಮನೆ ಕಟ್ಟಿಸುವ ಮಾತು ಬಂತು. ಊರು ಗುಡಿಸುವವರು ನಮ್ಮ ಪಕ್ಕದಲ್ಲಿ ಬೇಡ ಎಂದು ಬಡಾವಣೆಯವರೆಲ್ಲ ಒಗ್ಗಟ್ಟಾದರು. ಚುನಾವಣೆ ಹತ್ತಿರದಲ್ಲಿತ್ತು. ಯಾವ ಪಕ್ಷ ಅದನ್ನು ನಿಲ್ಲಿಸುತ್ತದೋ ಆ ಪಕ್ಷಕ್ಕೆ ಇಡೀ ಬಡಾವಣೆಯ ವೋಟು ಎಂದು ನಮ್ಮ ಕಚೇರಿಗೇ ಬಂದು ಹೇಳಿ ಹೋದರು. ನನಗೆ ಸಿಕ್ಕಿದ್ದೇ ಸಂದು. ದಿನಾ ಜನ ಜನ ಅನ್ನುತ್ತಿದ್ದಿರಲ್ಲ, ತಗೊಳ್ಳಿ, ಜನವೇ ಬಂದು ಹೇಳಿದೆ, ಈಗ ಕೇಳಿ ನೋಡೋಣ ಎಂದು ಸಭೆಯಲ್ಲಿ ಅವರನ್ನು ಹಿಡಿದುಕೊಂಡೆ.

ರತ್ನಮ್ಮನವರು ಕನ್ನಡಕ ತೆಗೆದು ಒರೆಸಿದರು. "ಜನ ಹೇಳಿದ್ದನ್ನ ಕೇಳಿಸ್ಕೋಬೇಕು ಅಂದಿದ್ದೆ ಕಣಪ್ಪ, ಕೇಳಿದ್ದನ್ನೆಲ್ಲ ಕೊಡ್ಬೇಕು ಅಂತ ಯಾವತ್ತಂದೆ? ರೋಗಿ ಸೂಜಿ ಬೇಡ ಅಂತಾನೆ, ಅದನ್ನೂ ಕೇಳಿಸ್ಕೋತೀವಿ. ಈ ಮನೆಗಳಿಗೆ ನಾವು ಅಡ್ಡ ನಿಂತ್ರೆ, ನಾವೆಲ್ಲ ಸೇರಿ ಈ ಪಕ್ಷ ಯಾಕ್ ಕಟ್ಟಿದ್ವಿ ಹೇಳು?"

ಮಾರನೆಯ ದಿನ ಬಡಾವಣೆಗೆ ತಾವೇ ಹೋದರು. ನಿಮ್ಮ ಮಾತು ಕೇಳಿದೆವು, ಒಪ್ಪುವುದಿಲ್ಲ, ಆ ಮನೆಗಳ ಪರವಾಗಿ ನಿಲ್ಲುತ್ತೇವೆ ಎಂದು ಬಾಗಿಲು ಬಾಗಿಲಿಗೂ ಹೇಳಿ ಬಂದರು. ಕದ್ದುಮುಚ್ಚಿ ಮಾಡಿದ್ದರೂ ಆಗುತ್ತಿತ್ತಲ್ಲ ಎಂದರೆ, ಇಲ್ಲ ಅನ್ನುವುದನ್ನೂ ಮುಖ ನೋಡಿಯೇ ಹೇಳಬೇಕು ಎಂದರು. ಆ ಸಲ ನಾವು ಮಕಾಡೆ ಮಲಗಿದೆವು. ಆದರೆ ಮನೆಗಳು ಎದ್ದವು. ಈಗ ಅಲ್ಲಿ ಸಂಜೆ ಬಡಾವಣೆಯ ಮಕ್ಕಳೂ ಆ ಮನೆಗಳ ಮಕ್ಕಳೂ ಒಂದೇ ಬಯಲಲ್ಲಿ ಕ್ರಿಕೆಟ್ ಆಡುತ್ತಾರೆ.

ಇನ್ನು ನನ್ನ ಕಥೆ. ಎರಡು ಸಲ ಮೀಸಲಾತಿಯಲ್ಲಿ ಕೈತಪ್ಪಿದ್ದ ನಮ್ಮ ವಾರ್ಡು ಮುಂದಿನ ನಗರಸಭೆ ಚುನಾವಣೆಗೆ ಸಾಮಾನ್ಯ ವರ್ಗಕ್ಕೆ ಬಂತು. ನನ್ನ ಎದೆಯಲ್ಲಿ ಹಬ್ಬ. ಅಭ್ಯರ್ಥಿ ಯಾರು ಎಂದು ಸಭೆ ಸೇರಿದಾಗ ಯಾರೋ ನನ್ನ ಹೆಸರು ಹೇಳಿದರು, ಕೋಣೆಯಲ್ಲಿದ್ದ ಎಲ್ಲರೂ ಕೈ ಎತ್ತಿದರು. ರತ್ನಮ್ಮನವರೊಬ್ಬರು ಎತ್ತಲಿಲ್ಲ. ಎಲ್ಲರೂ ಅವರ ಕಡೆ ನೋಡಿದರು. "ಮೆಂಬರುಗಳು ಹೇಳಿದ್ದಾಯ್ತು, ಇನ್ನ ವಾರ್ಡಿನೋರನ್ನ ಕೇಳಣ" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಕಷ್ಟಪಟ್ಟವನು ನಾನು, ಒಪ್ಪಿದವರು ಸದಸ್ಯರು, ಇನ್ನು ಬೀದಿಯವರನ್ನು ಕೇಳುವುದೇನು ಬಂತು?

ಕೇಳಲು ನನ್ನನ್ನೂ ಜೊತೆಗೆ ಕರೆದುಕೊಂಡು ಹೊರಟರು ನೋಡಿ, ಅದು ಅವರ ಘನತೆಯೋ ಕ್ರೌರ್ಯವೋ ಅಂದು ನನಗೆ ತಿಳಿಯಲಿಲ್ಲ. ಮೊದಲು ಬಡಾವಣೆ, ಆಮೇಲೆ ರೇಷ್ಮೆ ನೂಲು ತೆಗೆಯುವವರ ಬೀದಿ, ಆಮೇಲೆ ಪೌರಕಾರ್ಮಿಕರ ಮನೆಗಳು. ಪ್ರತಿ ಬಾಗಿಲಲ್ಲೂ ನನ್ನನ್ನು ಮುಂದೆ ನಿಲ್ಲಿಸಿ, ಇವನು ನಿಂತರೆ ಹಾಕುತ್ತೀರಾ, ಇಲ್ಲದಿದ್ದರೆ ಯಾರು ನಿಲ್ಲಬೇಕು ಹೇಳಿ ಎಂದು ಕೇಳುತ್ತಿದ್ದರು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯರು ಎಷ್ಟು ಹಿಂಸೆಪಡುತ್ತಾರೆಂದು ಅವತ್ತು ಗೊತ್ತಾಯಿತು. ಮುಖದ ಮೇಲೆ ಬೇಡ ಎಂದವರು ಯಾರೂ ಇಲ್ಲ. ವೆಂಕಟೇಶಣ್ಣ ಒಳ್ಳೆಯವರು, ಆದರೆ, ಎಂದು ನಿಲ್ಲಿಸಿಬಿಡುತ್ತಿದ್ದರು. ಕೊನೆಗೆ ಒಬ್ಬ ಹೆಣ್ಣುಮಗಳು ಧೈರ್ಯ ಮಾಡಿದಳು.

"ಅಣ್ಣ ಒಳ್ಳೇರೇ ಅಮ್ಮ. ಆದ್ರೆ ನಾವೇನಾದ್ರೂ ಹೇಳಕ್ ಹೋದ್ರೆ ಪೂರ್ತಿ ಹೇಳಕ್ ಬಿಡಲ್ಲ."

ನಾನು ತಕ್ಷಣ, ಯಾರು ಹಾಗಂದವರು, ಯಾವಾಗ ಬಿಡಲಿಲ್ಲ ಎಂದು ಶುರುಮಾಡಿದೆ. ಆಕೆ ರತ್ನಮ್ಮನವರ ಮುಖ ನೋಡಿದಳು. ರತ್ನಮ್ಮನವರು ನೆಲ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನಾನಲ್ಲದಿದ್ದರೆ ಯಾರು ಎಂಬುದಕ್ಕೆ ಮೂರೂ ಕಡೆ ಒಂದೇ ಹೆಸರು ಬಂತು, ಮುಮ್ತಾಜ್. ನೂಲಿನವರ ಬೀದಿಯ ಹೆಂಗಸು, ಗಂಡನ ಜೊತೆ ಸಣ್ಣ ರೀಲಿಂಗ್ ಘಟಕ ನಡೆಸುವವಳು. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬಂದರೆ ಮುಂದೆ ನಿಂತು, ಬಡಾವಣೆಗೂ ಪೌರಕಾರ್ಮಿಕರ ಮನೆಗಳಿಗೂ ಸಮನಾಗಿ ನೀರು ಹೋಗುವ ಹಾಗೆ ನೋಡಿಕೊಂಡಿದ್ದಳು. ನಮ್ಮ ಪಕ್ಷದ ಸದಸ್ಯೆಯಲ್ಲ. ಹಿಂದಿನ ಸಲ ನಮಗೆ ವೋಟೂ ಹಾಕಿರಲಿಲ್ಲವಂತೆ, ಅದನ್ನೂ ಬಾಯಿಬಿಟ್ಟು ಹೇಳಿದಳು.

ಮತ್ತೆ ಸಭೆ ಸೇರಿದಾಗ ಕಚೇರಿಯ ಸೂರು ಹಾರಿಹೋಗುವ ಹಾಗೆ ಗಲಾಟೆ. ಬಿತ್ತಿದವರು ಒಬ್ಬರು, ಕುಯ್ಯುವವರು ಇನ್ನೊಬ್ಬರಾ ಎಂದು ಕೇಳಿದರು. ನಮ್ಮ ಬಾವುಟದ ಬಣ್ಣವೂ ಗೊತ್ತಿಲ್ಲದವಳಿಗೆ ಟಿಕೆಟ್ ಕೊಡುವುದಾದರೆ ಸದಸ್ಯರು ಯಾಕೆ ಬೇಕು, ಬೀಗ ಹಾಕಿಕೊಂಡು ಹೋಗೋಣ ಎಂದರು. ತಪ್ಪೇನೂ ಇರಲಿಲ್ಲ ಅವರ ಮಾತಿನಲ್ಲಿ. ರತ್ನಮ್ಮನವರೂ ತಪ್ಪು ಅನ್ನಲಿಲ್ಲ. ಗಲಾಟೆ ಮುಗಿಯುವವರೆಗೆ ಕಾದು ಎದ್ದು ನಿಂತರು.

"ಯಾರು ಅನ್ನೋದು ಬೀದಿ ಹೇಳ್ಲಿ. ಯಾಕೆ ಅನ್ನೋದು ನಾವು ಹೇಳಣ. ಅವಳು ಬಂದು ನಿಮ್ಮ ಮುಂದೆ ಕೂತ್ಕೊಂಡು, ಆ ಮನೆಗಳೋರ ಪರ ಯಾವತ್ತಿಗೂ ನಿಲ್ತೀನಿ ಅಂತ ಒಪ್ಕೊಂಡ್ರೆ ಮೆಂಬರ್ ಮಾಡ್ಕೊಳ್ಳಿ. ಇಲ್ಲ ಅಂದ್ರೆ ಇಡೀ ವಾರ್ಡೇ ಕೇಳಿದ್ರೂ ಕೊಡೋದ್ ಬೇಡ."

ಮುಮ್ತಾಜ್ ಬಂದಳು, ಕೂತಳು. ಸದಸ್ಯರು ಒಂದು ಗಂಟೆ ಅವಳನ್ನು ಜರಡಿ ಹಿಡಿದರು. ಆ ಮನೆಗಳ ವಿಷಯ ಬಂದಾಗ, ನೀರು ಕೊಟ್ಟವಳು ಜಾಗ ಕೊಡಲ್ವಾ ಎಂದು ತಿರುಗಿ ಕೇಳಿದಳು. ಅಲ್ಲೇ ಅವಳನ್ನು ಸದಸ್ಯೆ ಮಾಡಿಕೊಂಡರು. ಆದರೂ ನಮ್ಮವರದು ಒಂದು ಪಟ್ಟು. ವೆಂಕಟೇಶನನ್ನು ಕೈ ಎತ್ತಿ ಆರಿಸಿದ್ದೇವೆ, ಅವನಾಗಿಯೇ ಹಿಂದೆ ಸರಿದರೆ ಸರಿ, ನಾವಾಗಿ ಇಳಿಸುವುದಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ. ತಗೊಳ್ಳಿ, ಅವಳಿಗೇ ಕೊಡಿ ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ತ್ಯಾಗ ಗೀಗ ಏನೂ ಅಲ್ಲ, ಆ ಹೆಣ್ಣುಮಗಳ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು.

ಒಂದು ವಾರ ಕಚೇರಿಯ ಕಡೆ ತಲೆ ಹಾಕಲಿಲ್ಲ. ರತ್ನಮ್ಮನವರು ಕರೆಯಲು ಬರುತ್ತಾರೆ, ಬಂದರೆ ಚೆನ್ನಾಗಿ ಅನ್ನಬೇಕು ಎಂದು ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಅವರು ಬರಲಿಲ್ಲ. ಮುಮ್ತಾಜ್ ಬಂದಳು. ಪೈಪಿನ ಸುರುಳಿಗಳ ಮಧ್ಯೆ ಸ್ಟೂಲು ಎಳೆದುಕೊಂಡು ಕೂತು, "ಅಣ್ಣಾ, ನಿಮ್ ಪಕ್ಷದ್ದು ನಂಗೇನೂ ಗೊತ್ತಿಲ್ಲ. ಹೇಳ್ಕೊಡಿ, ನೀವೇ ಹೇಳ್ಕೊಡ್ಬೇಕು" ಎಂದಳು. ಬೈದು ಕಳಿಸಬೇಕೆಂದೇ ಬಾಯಿ ತೆರೆದೆ. ಪಕ್ಷ ಹೇಗೆ ಹುಟ್ಟಿತು, ಯಾರು ಯಾರು ಜೈಲಿಗೆ ಹೋದರು, ಯಾವುದಕ್ಕೆ ನಾವು ಎಂದೂ ಒಪ್ಪುವುದಿಲ್ಲ ಎಂದು ಹೇಳುತ್ತಾ ಹೇಳುತ್ತಾ ಅಂಗಡಿ ಮುಚ್ಚುವ ಹೊತ್ತಾಯಿತು. ಅವಳು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಮಾರನೆಯ ದಿನದಿಂದ ನಾನೇ ಅವಳ ಜೊತೆ ಮನೆ ಮನೆಗೆ ಹೋದೆ, ಪೋಸ್ಟರನ್ನೂ ನಾನೇ ಅಂಟಿಸಿದೆ. ಗೆದ್ದೆವು. ದೊಡ್ಡ ಅಂತರವೇನೂ ಅಲ್ಲ, ಆದರೂ ನಮ್ಮ ವಾರ್ಡಿನಲ್ಲಿ ಅದೇ ಮೊದಲ ಗೆಲುವು. ಎಣಿಕೆ ಕೇಂದ್ರದ ಹೊರಗೆ ನಾನು ಹುಚ್ಚನ ಹಾಗೆ ಕುಣಿದೆ ಎಂದು ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ರತ್ನಮ್ಮನವರು ತೀರಿಹೋಗಿ ಎಂಟು ತಿಂಗಳಾಯಿತು. ನಮ್ಮ ಪಕ್ಷದ ಸಭೆ ಈಗ ತಿಂಗಳಿಗೊಮ್ಮೆ ಬೀದಿಯಲ್ಲೇ ನಡೆಯುತ್ತದೆ. ಸದಸ್ಯರಲ್ಲದವರು ಮೊದಲು ಮಾತಾಡುತ್ತಾರೆ, ಸದಸ್ಯರು ಆಮೇಲೆ. ಜಗಳವಂತೂ ಮೊದಲಿಗಿಂತ ಜಾಸ್ತಿ. ಸದಸ್ಯರ ಸಂಖ್ಯೆಯೂ ಜಾಸ್ತಿ. ಇದನ್ನು ಅವರಿಗೆ ಹೇಳಬೇಕು ಅನ್ನಿಸುತ್ತದೆ, ಹೇಳಲು ಅವರಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಬುದ್ಧ ಪೂರ್ಣಿಮೆಯ ದಿನ. ಕಾಲು ಊದಿಕೊಂಡು ಓಡಾಟ ನಿಂತಿತ್ತು, ಅಧ್ಯಕ್ಷ ಸ್ಥಾನವನ್ನೂ ಬಿಟ್ಟುಕೊಟ್ಟಿದ್ದರು. ಜಗುಲಿಯಲ್ಲಿ ಕೂರಿಸಿ ಪಾಯಸ ಕೊಡಿಸಿದರು, ವಾರ್ಡಿನ ಸುದ್ದಿಯನ್ನೆಲ್ಲ ಕೇಳಿದರು. ಎದ್ದು ಬರುವಾಗ ಎಷ್ಟೋ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದುದನ್ನು ಕೇಳಿಯೇಬಿಟ್ಟೆ. ಅವತ್ತು ಎಲ್ಲರೂ ಕೈ ಎತ್ತಿದರು, ನೀವೊಬ್ಬರು ಎತ್ತಲಿಲ್ಲ, ನಿಮಗೆ ನಾನು ಅಷ್ಟು ಕೈಲಾಗದವನು ಅನ್ನಿಸಿತಾ ಎಂದೆ.

ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು:

"ಕೈ ತಾನಾಗೇ ಮೇಲಕ್ಕೆ ಬರ್ತಿತ್ತು ಕಣೋ. ಇನ್ನೊಂದ್ ಕೈಲಿ ಅದುಮಿ ಹಿಡ್ಕೊಂಡಿದ್ದೆ. ಆ ರೂಮಲ್ಲಿ ನಿನಗಿಂತ ನಂಗೆ ಬೇಕಾದೋರು ಯಾರಿದ್ರು? ಎತ್ತಿಬಿಟ್ಟಿದ್ರೆ, ನಿನ್ನನ್ನ ಕರ್ಕೊಂಡ್ ಹೋಗಿ ಆ ಬಾಗಿಲುಗಳ ಮುಂದೆ ನಿಲ್ಸೋ ಧೈರ್ಯ ನಂಗೆಲ್ಲಿಂದ ಬರ್ತಿತ್ತು?"

ಮಾತಿಗೆ ಮಾತು ಕೊಡುವುದರಲ್ಲಿ ಊರಿಗೇ ಹೆಸರಾದವನು ನಾನು. ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ.