ನಾನು ಕೂಗದ ಕೂಗು

ದೆವ್ವ ಕಂಡೆವು ಎಂದವರನ್ನು ಅವರದೇ ದನಿಯಲ್ಲಿ ಅಣಕಿಸಿ ನಗಿಸಿದವನು ನಾನು. ನಮ್ಮೂರು ಕೂಟಗಲ್‌ನಲ್ಲಿ ನನ್ನ ಬಾಯಿಗೆ ಸಿಕ್ಕದವರಿಲ್ಲ. ಕನ್ನಡಿ ಮುಂದೆ ನಿಂತರೆ ನನ್ನನ್ನೂ ಬಿಡುವುದಿಲ್ಲ. ಆದ್ದರಿಂದ ಮುಂದಿನದನ್ನು ನೀವು ನಂಬದಿದ್ದರೆ ತಪ್ಪು ನಿಮ್ಮದಲ್ಲ.

ನಮ್ಮಜ್ಜಿ ಕಬ್ಬಾಳಮ್ಮನ ಹರಕೆಗೆಂದು ಒಂದು ಟಗರು ಸಾಕಿದ್ದಳು. ಚಿಕ್ಕಪ್ಪನ ಮಗ ಸಿದ್ದರಾಜ ಅದನ್ನು ಕದ್ದು ಸಂತೆಯಲ್ಲಿ ಮಾರಿದ. ಮನೆಗೆ ಬಂದು, 'ಇವ್ನು ಯಾರ್ದೋ ದನಿ ಮಾಡ್ಕೊಂಡು ದೊಡ್ಡಿ ಬಾಗ್ಲು ಹಾಕೋದು ಮರ್ತವ್ನೆ, ಟಗರು ಓಡೋಯ್ತು' ಎಂದ. ನನ್ನ ಖ್ಯಾತಿಯೇ ಹಾಗಿತ್ತು, ಎಲ್ಲರೂ ನಂಬಿದರು. ಅಜ್ಜಿ ನನ್ನ ಜೊತೆ ಮಾತು ಬಿಟ್ಟಳು. ಹಾಗೇ ಹೋಗಿಬಿಟ್ಟಳು. ನಿಜ ನನಗೆ ತಿಳಿದದ್ದು ತಿಥಿಯ ಮಾರನೇ ದಿನ, ಟಗರು ಕೊಂಡವನಿಂದ. ಸಾಕ್ಷಿ ಹೇಳಲು ಅವನು ಬರಲಿಲ್ಲ. ಸಿದ್ದರಾಜನ ಬಾಯಲ್ಲೇ ಹೇಳಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡೆ.

ಎರಡು ವರ್ಷದ ಹಿಂದೆ, ದಸರಾ ಮುಗಿದ ಮೇಲೆ, ಅವನನ್ನು ಲಡಾಖ್‌ಗೆ ನಾನೇ ಕರೆದುಕೊಂಡು ಹೋದೆ. ಊರಲ್ಲಿ ಯಾವ ದನಿ ಕೇಳಿದರೂ ನನ್ನದೇ ಅನ್ನುತ್ತಾರೆ, ಅದಕ್ಕೇ ಅಷ್ಟು ದೂರ. ಬಾಡಿಗೆ ಕಾರಿನಲ್ಲಿ ಹೊರಟರೆ ಉದ್ದಕ್ಕೂ ಮರಳು, ಅದರಾಚೆ ಹಿಮದ ಬೆಟ್ಟ, ನೀರಿದ್ದಲ್ಲಿ ಮಾತ್ರ ಅರಿಸಿನ ಬಳಿದಂತೆ ನಿಂತ ಮರಗಳು. ನಮ್ಮ ರಾಮನಗರದ ಬಂಡೆಗಳು ಅದರ ಮುಂದೆ ಗೋಲಿ. ಸಿದ್ದರಾಜ ಫೋಟೊ ತೆಗೆಯುತ್ತಿದ್ದ. ನಾನು ಅವಿತುಕೊಳ್ಳಲು ಜಾಗ ಹುಡುಕುತ್ತಿದ್ದೆ. ಅಜ್ಜಿ ಕುರಿ ಕರೆಯುತ್ತಿದ್ದ ದನಿ ತೆಗೆದು ಅವನ ಎದೆ ಒಡೆಸಬೇಕಿತ್ತು. ನಮ್ಮಲ್ಲಿ ಕುರಿ ಕಾಯುವ ಒಬ್ಬೊಬ್ಬರದೂ ಒಂದೊಂದು ಕೂಗು. ಕುರಿ ತನ್ನವರ ಕೂಗಿಗಷ್ಟೇ ತಿರುಗುತ್ತದೆ. ಅಜ್ಜಿಯದು 'ಹುರ್ರ್ಯಾ... ಬಾವ್ವಾ', ಕೊನೆಗೊಂದು ಕೆಮ್ಮು.

ಮಟಮಟ ಮಧ್ಯಾಹ್ನ. ಒಂದು ತಿರುವಿನಲ್ಲಿ ಅಲ್ಲಿನವರ ಕುರಿಮಂದೆ ಮೇಯುತ್ತಿತ್ತು. ಕಾರು ನಿಲ್ಲಿಸಿ, ಮೂತ್ರದ ನೆಪದಲ್ಲಿ ಬಂಡೆಯ ಹಿಂದೆ ಹೋದೆ. ಉಸಿರು ಎಳೆದುಕೊಂಡೆ, ಅಷ್ಟೇ. ಇನ್ನೂ ಬಾಯಿ ತೆರೆದಿರಲಿಲ್ಲ.

ಕೂಗು ಎದುರು ಬೆಟ್ಟದಿಂದ ಬಂತು. ಕೆಮ್ಮೂ ಬಂತು. ಕನ್ನಡವನ್ನೇ ಕೇಳದ ಆ ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿ ಅತ್ತ ತಿರುಗಿದವು.

ನಾನು ಓಡಿ ಬಂದಾಗ ಸಿದ್ದರಾಜ ಮರಳಲ್ಲಿ ಕುಕ್ಕರಿಸಿದ್ದ. 'ಮಾರಿದ್ದು ನಾನೇ ಕಣಜ್ಜಿ, ಬುಟ್ಬುಡು' ಎನ್ನುತ್ತಿದ್ದ. ನನ್ನನ್ನು ಕಂಡು ಕಣ್ಣೊರೆಸಿಕೊಂಡ. 'ಥೂ, ನೀನೇನ್ಲಾ? ಪ್ರಾಣ ತೆಗ್ದ್‌ಬುಟ್ಯಲ್ಲೋ. ಊರಲ್ಲಿ ಹೇಳ್ಬ್ಯಾಡ ಕಣ್ಲಾ.'

'ಆಯ್ತು ಕಣ್ಲಾ' ಎಂದೆ.

ಊರಿಗೆ ಬಂದ ದಿನವೇ ಮನೆಮಂದಿಯನ್ನೆಲ್ಲ ಜಗಲಿಯಲ್ಲಿ ಕೂರಿಸಿ, ಅವನ ದನಿಯಲ್ಲೇ, ಅವನಂತೆಯೇ ಕುಕ್ಕರಿಸಿ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಚಿಕ್ಕಪ್ಪ ಅವನನ್ನು ಕಬ್ಬಾಳಿಗೆ ಬರಿಗಾಲಲ್ಲಿ ನಡೆಸಿ, ತಪ್ಪುಕಾಣಿಕೆಯಾಗಿ ಹೊಸ ಟಗರು ಒಪ್ಪಿಸಿದರು. ನಾನು ಬೈಕಿನಲ್ಲಿ ಹಿಂದೆಯೇ ಹೋದೆ, ನೋಡಲಿಕ್ಕೆ. ಹೊಟ್ಟೆ ತಣ್ಣಗಾಯಿತು, ಸುಳ್ಳು ಹೇಳುವುದಿಲ್ಲ.

ಆ ಕೂಗು ನನ್ನದೇ ಎಂದು ಎಲ್ಲರೂ ನಂಬಿದ್ದಾರೆ. ಒಸಿ ಮಾಡಿ ತೋರಿಸು ಅನ್ನುತ್ತಾರೆ. ಮಾಡುತ್ತೇನೆ, ಕೆಮ್ಮೂ ಸೇರಿಸಿ. ಭೇಷ್ ಅನ್ನುತ್ತಾರೆ. ದೊಡ್ಡಿಯಲ್ಲಿರುವ ಅಜ್ಜಿಯ ಕುರಿಗಳು ಮಾತ್ರ ಮೆಲುಕು ನಿಲ್ಲಿಸುವುದಿಲ್ಲ.