ಮುನಿಯಮ್ಮ ತಿದ್ದಿದ ಸರ್ಕಾರಿ ಕಾಗದ

ಪದಗಳ ವಿಷಯದಲ್ಲಿ ನನಗೊಂದು ಜಂಬವಿತ್ತು. ಕನ್ನಡ ಪಂಡಿತನಲ್ಲವೇ, ಅದನ್ನು ಪೇಟದ ಜೊತೆಗೇ ತಲೆಗೇರಿಸಿಕೊಂಡು ತಿರುಗುತ್ತಿದ್ದೆ. ಅದನ್ನು ಇಳಿಸಿದ್ದು ಬಿದಿರಿನ ಬುಟ್ಟಿ ಹೆಣೆಯುವ ಮುನಿಯಮ್ಮ.

ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ನಾನಾಗ ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯಲ್ಲಿ ಮೇಷ್ಟರು. ಸಣ್ಣ ಸಣ್ಣ ಮನೆಮಾತುಗಳು ಮರೆಯಾಗುತ್ತಿವೆ, ಬಲ್ಲವರಿಂದ ಕೇಳಿ ಬರೆದು ಕಳಿಸತಕ್ಕದ್ದು ಎಂದು ಸರ್ಕಾರದ ಹುಕುಂ ಬಂತು. ಊರಾಚೆ, ತಮ್ಮದೇ ಮನೆಮಾತಿನ ಕೊರಮರ ನಾಲ್ಕು ಮನೆಗಳಿದ್ದವು; ಮುನಿಯಮ್ಮನದು ಅದರಲ್ಲೊಂದು. ಪುಸ್ತಕ ಹಿಡಿದು ಹೊರಟೆ.

ಮುನಿಯಮ್ಮ ಪುಸ್ತಕವನ್ನು ನೋಡಿದ್ದೇ ತಡ, ಕೈಯ ಕೆಲಸ ನಿಲ್ಲಿಸಿದಳು.

"ಯಾಕ್ ಸ್ವಾಮಿ ನಮ್ ಮಾತು ಬರ್ಕೊಳ್ಳೋದು? ಕಳ್ಳಮಾತು ಆಡ್ತಾನೆ ಅಂತ ಪೊಲೀಸ್ನೋರು ನಮ್ ಯಜಮಾನ್ನ ಎಲ್ಡು ದಿನ ಠಾಣೇಲಿ ಕೂರ್ಸಿದ್ರು. ಈಗ ಬರೆದು ಅವ್ರ ಕೈಗೇ ಕೊಡ್ತೀರಾ?"

ಪುಸ್ತಕ ಮುಚ್ಚಿ ಮನೆಗೆ ಬಂದೆ. ಮರುದಿನ ಪುಸ್ತಕವಿಲ್ಲದೆ ಹೋದೆ.

"ಬರೆಯೋಲ್ಲ ಮುನಿಯಮ್ಮ, ಕಲಿಸು."

ಆಕೆ ನಕ್ಕು, ಬಿದಿರಿನ ಒಂದು ಎಳೆಯನ್ನು ಎತ್ತಿ ಹಿಡಿದಳು. "ಇದಕ್ಕೇನಂತೀರಿ?"

"ಬಿದಿರಿನ ಸೀಳು."

"ಇದಕ್ಕೆ?"

"ಅದೂ ಸೀಳೇ."

ಮೇಲಿನ ಹಸಿರು ಸಿಪ್ಪೆ, ಒಳಗಿನ ಬಿಳಿ ಎಳೆ, ನೆನೆಸಿದ್ದು, ಅಂಚಿಗೆ ಸುತ್ತುವುದು, ಹೀಗೆ ಒಂದೊಂದಕ್ಕೂ ಆಕೆಯ ಬಳಿ ಬೇರೆ ಬೇರೆ ಹೆಸರಿತ್ತು. ನನ್ನ ಪಾಂಡಿತ್ಯಕ್ಕೆ ಮಾತ್ರ ಎಲ್ಲವೂ ಒಂದೇ! ಎಂಟು ದಿನ ಶಿಷ್ಯನಾಗಿ ಕೂತೆ. ಒಂಬತ್ತನೆಯ ದಿನ ಆಕೆಯೇ ಹೇಳಿದಳು: "ಬರ್ಕೊಳಿ ಸ್ವಾಮಿ. ನನ್ ಸೊಸೆ ನಾಚ್ಕೊಂಡು ಕನ್ನಡಾನೇ ಆಡ್ತಾವ್ಳೆ. ನಾನ್ ಸತ್ತೋದ್ಮ್ಯಾಕೆ ಇದನ್ನ ಆಡೋರ್ಯಾರು?"

ನಾನು ಬರೆದ ಪದಗಳ ಪಟ್ಟಿ ನೋಡಲು ದೊಡ್ಡಬಳ್ಳಾಪುರದ ಕಚೇರಿಗೆ ಒಬ್ಬ ಅಧಿಕಾರಿ ಬಂದರು. ಮುನಿಯಮ್ಮನನ್ನೂ ಸೊಸೆಯನ್ನೂ ಕರೆದುಕೊಂಡು ಹೋದೆ. ಅಧಿಕಾರಿಗಳು ನನ್ನ ಬರಹವನ್ನು ಗಟ್ಟಿಯಾಗಿ ಓದತೊಡಗಿದರು. ಬಾಗಿಲ ಬಳಿಯಿಂದ ದನಿ ಬಂತು:

"ಅಂಗಲ್ಲ ಸ್ವಾಮಿ!"

ಗುಮಾಸ್ತರೆಲ್ಲ ತಲೆಯೆತ್ತಿದರು. ಕೂಗಿದವಳು ಮುನಿಯಮ್ಮ. ತಪ್ಪು ಬರೆದವನು ನಾನು. ಅಧಿಕಾರಿಗಳು ಕುರ್ಚಿ ತರಿಸಿ, "ಕೂತ್ಕೊಳ್ಳಿ ತಾಯಿ, ಮೊದಲಿಂದ ಹೇಳಿ" ಎಂದರು. ಮುನಿಯಮ್ಮ ಸೆರಗು ಸರಿಮಾಡಿಕೊಂಡು ಕೂತು ಒಂದೊಂದೇ ಪದ ಹೇಳಿದಳು, ಅವರು ತಿದ್ದಿದರು. ಬಾಗಿಲಲ್ಲಿ ನಿಂತಿದ್ದ ಪೊಲೀಸಿನವನೂ ಕಿವಿಗೊಟ್ಟು ಕೇಳಿದ. ಆ ಕಾಗದದ ತುಂಬ ಇದ್ದ ಕೆಂಪು ಗೆರೆಗಳನ್ನು ನೋಡಿ ನನಗಾದಷ್ಟು ಹೆಮ್ಮೆ, ನಾನು ಪರೀಕ್ಷೆಯಲ್ಲಿ ಪಾಸಾದಾಗಲೂ ಆಗಿರಲಿಲ್ಲ.

ಕಡತ ಆಮೇಲೆ ಎಲ್ಲಿಗೆ ಹೋಯಿತೋ ತಿಳಿಯದು. ನಾನು ಕಂಡದ್ದು ಇಷ್ಟು: ಕಚೇರಿಯಿಂದ ಹೊರಬಿದ್ದವಳೇ ಮುನಿಯಮ್ಮ, ಜನ ತುಂಬಿದ ಬೀದಿಯಲ್ಲಿ ಸೊಸೆಯನ್ನು ತಮ್ಮ ಮಾತಿನಲ್ಲೇ ಕೂಗಿದಳು. ಸೊಸೆ ಆ ಕಡೆ ಈ ಕಡೆ ನೋಡಿದಳು. ಆಮೇಲೆ, ಅತ್ತೆಗಿಂತಲೂ ಗಟ್ಟಿಯಾಗಿ, ಅದೇ ಮಾತಿನಲ್ಲಿ ಓಗೊಟ್ಟಳು.